ಹಳೆ ಆಕ್ಟೇವಿಯಾ ಆರ್‌ಎಸ್‌ಗೆ ಅಡ್ಜಸ್ಟಬಲ್ ಫ್ಯುಯೆಲ್ ಪ್ರೆಶರ್ ರೆಗ್ಯುಲೇಟರ್: ಎರಡು ವರ್ಷ ಬಳಸಿದ ಮೇಲೆ

ಇಂಜೆಕ್ಟರಿಗೆ (ಎಂಜಿನ್‌ಗೆ ಪೆಟ್ರೋಲ್ ಸಿಂಪಡಿಸುವ ಭಾಗ) ಹೋಗುವ ಪೆಟ್ರೋಲಿನ ಒತ್ತಡವನ್ನು ಸ್ಕ್ರೂ ತಿರುಗಿಸಿ ಹೆಚ್ಚುಕಡಿಮೆ ಮಾಡೋ ಸಾಮಾನು ಇದು, ಜೊತೆಗೆ ಒತ್ತಡ ತೋರಿಸೋ ಗೇಜು ಬರುತ್ತದೆ. ಮೊದಲೇ ಹೇಳಿಬಿಡುತ್ತೇನೆ. ಇದನ್ನು ಹಾಕಿದರೆ ಗಾಡಿಗೆ ಪವರ್ ಬರುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬರಲ್ಲ. ಹಾಗಂತ ದುಡ್ಡು ದಂಡ ಅಂತಲೂ ಹೇಳಲ್ಲ, ಯಾಕೆಂದರೆ ನನಗೆ ಉಪಯೋಗಕ್ಕೆ ಬಂದದ್ದು ಅದರ ಸ್ಕ್ರೂ ಅಲ್ಲ, ಗೇಜು.

ಗಾಡಿ 2005ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. 1.8 ಲೀಟರ್ ಟರ್ಬೊ ಪೆಟ್ರೋಲ್, 150 ಹಾರ್ಸ್‌ಪವರ್. ಓಡಾಟ ಹೆಚ್ಚಾಗಿ ತುಮಕೂರಿನಲ್ಲೇ, ಆಗಾಗ ಹೈವೇ ಹಿಡಿದು ಬೆಂಗಳೂರು, ಮನಸ್ಸಾದರೆ ದೇವರಾಯನದುರ್ಗ. ರೆಗ್ಯುಲೇಟರ್ ತಂದದ್ದು ಜೆ.ಸಿ. ರೋಡಿನಿಂದ. ಬ್ರ್ಯಾಂಡ್ ಹೆಸರು ಬೇಡ, ಇಂಥದ್ದೇ ಮಾಲು ಹತ್ತಾರು ಹೆಸರಿನಲ್ಲಿ ಸಿಗುತ್ತದೆ: ಅಲ್ಯೂಮಿನಿಯಂ ಬಾಡಿ, ತಲೆ ಮೇಲೆ ಅಲೆನ್ ಸ್ಕ್ರೂ ಮತ್ತು ಲಾಕ್ ನಟ್, ಪಕ್ಕದಲ್ಲಿ ವ್ಯಾಕ್ಯೂಮ್ ಹೋಸ್ (ಎಂಜಿನ್ನಿನ ಗಾಳಿ ಕೊಳವೆಯಿಂದ ಬರುವ ಸಣ್ಣ ಪೈಪ್) ಸಿಕ್ಕಿಸೋ ಮೂತಿ, ಮುಂದೆ ಗ್ಲಿಸರಿನ್ ತುಂಬಿದ ಸಣ್ಣ ಗೇಜು.

ಇದು ಯಾಕೆ ಬೇಕಾಯ್ತು ಅಂದರೆ, ಏರಿನಲ್ಲಿ ಟರ್ಬೊ ಪೂರ್ತಿ ಒತ್ತಡ ಕೊಡುವಾಗ ಗಾಡಿ ಮುಗ್ಗರಿಸುತ್ತಿತ್ತು. ಸ್ಕ್ಯಾನರ್ ಹಾಕಿ ನೋಡಿದರೆ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ತಾನೇ ಪೆಟ್ರೋಲ್ ಜಾಸ್ತಿ ಮಾಡಿಕೊಂಡು ಹೋಗುತ್ತಿತ್ತು, ಅಂದರೆ ಮಿಶ್ರಣ ತೆಳು, ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ. ಮೇಲಿಂದ ಈಗ ಬಂಕ್‌ಗಳಲ್ಲಿ ಇ20, ಅಂದರೆ ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್. ತೂಕದ ಲೆಕ್ಕದಲ್ಲಿ ಒಂದು ಪಾಲು ಶುದ್ಧ ಪೆಟ್ರೋಲಿಗೆ ಗಾಳಿ 14.7 ಪಾಲು ಬೇಕಾದರೆ, ಇ20ಗೆ 13.5ರ ಹತ್ತಿರ ಸಾಕು. ಅಷ್ಟೇ ಗಾಳಿಗೆ ಇಂಧನ ಜಾಸ್ತಿ ಬೇಕು. 2005ರ ಇಂಜೆಕ್ಟರಿಗೆ ಇದೆಲ್ಲ ಎಲ್ಲಿ ಗೊತ್ತು ಪಾಪ.

ಒತ್ತಡ ಏರಿಸಿದರೆ ಇಂಜೆಕ್ಟರ್ ಅಷ್ಟೇ ಹೊತ್ತು ತೆರೆದಿದ್ದರೂ ಜಾಸ್ತಿ ಸುರಿಯುತ್ತದೆ, ನಿಜ. ಆದರೆ ಲೆಕ್ಕ ನೇರ ಅಲ್ಲ, ವರ್ಗಮೂಲದ ಲೆಕ್ಕ. 3 ಬಾರ್‌ನಿಂದ (ಬಾರ್ ಅಂದರೆ ಒತ್ತಡದ ಅಳತೆ) 4ಕ್ಕೆ ಹೋದರೆ ಒತ್ತಡ ಏರಿದ್ದು ಶೇ. 33, ಪೆಟ್ರೋಲ್ ಜಾಸ್ತಿಯಾದದ್ದು ಬರೀ ಶೇ. 15ರಷ್ಟು. ಅದನ್ನೂ ಮಾಮೂಲಿ ಓಟದಲ್ಲಿ ಇಸಿಯು ಆಕ್ಸಿಜನ್ ಸೆನ್ಸರ್ ನೋಡಿಕೊಂಡು ವಾಪಸ್ ಕತ್ತರಿಸುತ್ತದೆ. ಇನ್ನೊಂದು ಕಡೆ, ಒತ್ತಡ ಏರಿದಷ್ಟೂ ಪಂಪ್ ಕೊಡುವ ಪೆಟ್ರೋಲ್ ಇಳಿಯುತ್ತದೆ. ಸುಸ್ತಾದ ಪಂಪ್ ಇದ್ದರೆ ಸ್ಕ್ರೂ ತಿರುಗಿಸಿ ಇನ್ನೂ ಹಾಳು ಮಾಡಿಕೊಂಡಂತೆ.

ಸೆಟ್ಟಿಂಗ್ ಮಾಡಿದ್ದು ಅಂತರಸನಹಳ್ಳಿ ಕಡೆ ಇರುವ ನನ್ನ ಮಾಮೂಲಿ ಮೆಕ್ಯಾನಿಕ್. ಮೊದಲು ಪಂಪ್ ಫ್ಯೂಸ್ ಕಿತ್ತು, ಎಂಜಿನ್ ತಾನೇ ಆಫ್ ಆಗುವ ತನಕ ಓಡಿಸಿ, ಆಮೇಲೆ ಲೈನ್ ಬಿಚ್ಚಿದ. ಹಳೆ ರೆಗ್ಯುಲೇಟರ್ ಫ್ಯುಯೆಲ್ ರೈಲಿನಲ್ಲಿ (ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಕೊಳವೆ) ಒಂದು ಕ್ಲಿಪ್ ಮೇಲೆ ಕೂತಿರುತ್ತದೆ, ಆ ಜಾಗಕ್ಕೆ ಅಡಾಪ್ಟರ್ ಬೇಕು. ಹೊಸದಕ್ಕೆ ವ್ಯಾಕ್ಯೂಮ್ ಹೋಸ್ ಸಿಕ್ಕಿಸಿದಾಗ ಐಡ್ಲಿಂಗ್‌ನಲ್ಲಿ ಗೇಜು 2.4ರ ಆಸುಪಾಸು ತೋರಿಸುತ್ತಿತ್ತು. ನಾನು ಅಲೆನ್ ಕೀ ಎತ್ತಿಕೊಂಡೆ. ಅವನು ಕೈ ಹಿಡಿದ. "ಸಾರ್, ಹಿಂಗೇ ನೋಡಿ ಏರಿಸಬಾರ್ದು, ಹೋಸ್ ಕಿತ್ತು ಬೂಚು ಹಾಕಿ ನೋಡ್ಬೇಕು." ಹೋಸ್ ಕಿತ್ತು ತುದಿ ಮುಚ್ಚಿದ, ಮುಳ್ಳು 3ಕ್ಕೆ ಬಂದು ನಿಂತಿತು. ಬೇಸ್ ಪ್ರೆಶರ್ ಅಂದರೆ ಅದೇ. ಹೋಸ್ ಇದ್ದಾಗ ಮ್ಯಾನಿಫೋಲ್ಡಿನ (ಎಂಜಿನ್‌ಗೆ ಗಾಳಿ ಹೋಗುವ ಕೊಳವೆ) ಎಳೆತಕ್ಕೆ ತಕ್ಕಂತೆ ಇಳಿಯುತ್ತದೆ, ಟರ್ಬೊ 0.6 ಬಾರ್ ಒತ್ತಿದರೆ 3.6ಕ್ಕೆ ಏರಬೇಕು. ಒಂದಕ್ಕೆ ಒಂದು. ಕೆಲವು ರೆಗ್ಯುಲೇಟರ್ ಒಂದಕ್ಕೆ ಎರಡು ಮೂರು ಪಟ್ಟು ಏರಿಸುತ್ತವೆ, ರಸ್ತೆ ಗಾಡಿಗೆ ಅದು ಬೇಡವೇ ಬೇಡ.

ಕಿತ್ತ ಹೋಸ್ ಒಳಗೆ ಪೆಟ್ರೋಲ್ ವಾಸನೆ ಇದೆಯಾ ಅಂತಲೂ ಮೂಸಿ ನೋಡಿ. ಇದ್ದರೆ ರೆಗ್ಯುಲೇಟರ್ ಒಳಗಿನ ಡಯಾಫ್ರಮ್ (ರಬ್ಬರ್ ಪೊರೆ) ಹರಿದಿದೆ ಅಂತ ಅರ್ಥ.

ಬಾನೆಟ್ ಕೆಳಗಿನ ಗೇಜು ಓಡಿಸುವಾಗ ಕಾಣಲ್ಲ. ಅದಕ್ಕೆ ಗೇಜ್ ಪೋರ್ಟಿಗೆ ಎಲೆಕ್ಟ್ರಿಕ್ ಸೆಂಡರ್ (ಒತ್ತಡ ಅಳೆದು ವೈರಿನಲ್ಲಿ ಕಳಿಸೋ ಸೆನ್ಸರ್) ಹಾಕಿಸಿ, ಡ್ಯಾಶ್‌ಬೋರ್ಡಿಗೆ ಬರೀ ವೈರ್ ತಂದೆವು. ಪೆಟ್ರೋಲ್ ಪೈಪನ್ನೇ ಕ್ಯಾಬಿನ್ ಒಳಗೆ ತರುವವರು ಇದ್ದಾರೆ, ದಯವಿಟ್ಟು ಆ ಹುಚ್ಚು ಸಾಹಸ ಬೇಡ. ದೇವರಾಯನದುರ್ಗದ ಏರಿನಲ್ಲಿ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಪಕ್ಕದಲ್ಲಿ ಕೂತಿದ್ದ ಮೆಕ್ಯಾನಿಕ್ ರೀಡಿಂಗ್ ಓದುತ್ತಿದ್ದ. 3.6 ಆಗಬೇಕಾದ್ದು 3.1ರಲ್ಲೇ ನಿಂತು, ಆಮೇಲೆ ಇಳಿಯೋಕೆ ಶುರು. "ಪಂಪ್ ಸುಸ್ತಾಗಿದೆ ಸಾರ್, ಸ್ಕ್ರೂ ತಿರುಗಿಸಿ ಏನ್ ಮಾಡ್ತೀರಾ?" ಫಿಲ್ಟರ್ ಬದಲಿಸಿದಾಗ ಸ್ವಲ್ಪ ಸುಧಾರಿಸಿತು, ಪಂಪ್ ಬದಲಿಸಿದ ಮೇಲೆ ಸರಿಹೋಯ್ತು. ಮುಗ್ಗರಿಸೋದು ನಿಂತೇಹೋಯ್ತು, ಅದೂ ಬೇಸ್ ಪ್ರೆಶರ್ ಕಂಪನಿ ಲೆಕ್ಕದ 3ರಲ್ಲೇ ಇದ್ದಾಗ.

ಈಗ 3.2ಕ್ಕೆ ಇಟ್ಟಿದ್ದೇನೆ. ಅದರಿಂದ ಪೆಟ್ರೋಲ್ ಶೇ. 3ರಷ್ಟು ಜಾಸ್ತಿ, ಇ20ಗೆ ಒಂದಿಷ್ಟು ಆಸರೆ, ಇಸಿಯು ತಿದ್ದುಪಡಿ ಸೊನ್ನೆಗೆ ಹತ್ತಿರ ಬಂದಿದೆ. ಇದು ಇಲ್ಲದಿದ್ದರೂ ಗಾಡಿ ಓಡುತ್ತಿತ್ತು, ಸುಮ್ನೆ ಸುಳ್ಳು ಯಾಕೆ. ಎಎಫ್‌ಆರ್ ಮೀಟರ್ (ಗಾಳಿ-ಪೆಟ್ರೋಲ್ ಅನುಪಾತ ತೋರಿಸೋದು) ಇಲ್ಲದೆ 3.5, 4 ಅಂತ ಏರಿಸೋದು ಮಾತ್ರ ಕಣ್ಣು ಕಟ್ಟಿಕೊಂಡು ಓಡಿಸಿದ ಹಾಗೆ.

ಇನ್ನು ತಕರಾರು. ಜೊತೆಗೆ ಬಂದ ಗೇಜು ಬರೀ ಆರಂಭಶೂರ. ಬೇಸಿಗೆಯಲ್ಲಿ ಕ್ಯಾತ್ಸಂದ್ರ ಟೋಲ್ ಸಾಲಿನಲ್ಲಿ ನಿಂತು ಎಂಜಿನ್ ರೂಮ್ ಕಾದರೆ ಮುಳ್ಳು ಇಳಿಯುತ್ತದೆ, ಸೆಂಡರ್ ರೀಡಿಂಗ್ ಮಾತ್ರ ಹಾಗೇ ಇರುತ್ತದೆ. ಬಿಸಿಗೆ ಒಳಗಿನ ಗ್ಲಿಸರಿನ್ ಹಿಗ್ಗಿ ಒತ್ತುವುದರಿಂದ ಹೀಗಾಗುತ್ತದೆ. ತಣ್ಣಗಾದ ಮೇಲೆ ಮೇಲಿನ ರಬ್ಬರ್ ಬೂಚನ್ನು ಸ್ವಲ್ಪ ಎತ್ತಿ ಗಾಳಿ ಬಿಟ್ಟರೆ ಸರಿಹೋಗುತ್ತದೆ. ಬಿಸಿ ಎಂಜಿನ್‌ನಲ್ಲಿ ಗೇಜು ನೋಡಿ ಸ್ಕ್ರೂ ಮುಟ್ಟಲೇಬೇಡಿ.

ಲಾಕ್ ನಟ್ ಒಮ್ಮೆ ಸಡಿಲ ಆಗಿತ್ತು, ಈಗ ಸರ್ವಿಸಿಗೊಮ್ಮೆ ನೋಡುತ್ತೇನೆ. ಇತ್ತೀಚೆಗೆ ಎಂಜಿನ್ ಆಫ್ ಮಾಡಿದ ಮೇಲೆ ಒತ್ತಡ ಬೇಗ ಇಳಿಯುತ್ತಿದೆ, ಬಿಸಿಯಲ್ಲಿ ಸ್ಟಾರ್ಟ್ ಮಾಡೋಕೆ ಸೆಲ್ಫ್ ಸ್ವಲ್ಪ ಉದ್ದ ಹೊಡೆಯಬೇಕು. ಹೆಚ್ಚಾದ ಪೆಟ್ರೋಲ್ ಟ್ಯಾಂಕಿಗೆ ವಾಪಸ್ ಹೋಗುವ ರಿಟರ್ನ್ ಪೈಪ್ ಅದುಮಿದರೆ ಒತ್ತಡ ನಿಲ್ಲುತ್ತದೆ, ಹಾಗಾಗಿ ಸೋರುತ್ತಿರುವುದು ರೆಗ್ಯುಲೇಟರ್ ಸೀಟೇ, ಅಂದರೆ ಒಳಗಿನ ವಾಲ್ವ್ ಕೂತು ಮುಚ್ಚುವ ಜಾಗ.

5ಕ್ಕೆ 3 ಕೊಡುತ್ತೇನೆ. ಕೊಳ್ಳುವ ಮುಂಚೆ ಡಯಾಫ್ರಮ್ ಮತ್ತು ಸೀಟಿನ ರಿಪೇರಿ ಕಿಟ್ ಬಿಡಿಯಾಗಿ ಸಿಗುತ್ತದಾ, ಅದರ ರಬ್ಬರ್ ಎಥನಾಲ್ ತಡೆಯುತ್ತದಾ, ಎರಡನ್ನೂ ಕೇಳಿ. ಅಂಗಡಿಯವರು "ಎಲ್ಲಾ ಒಂದೇ ಸಾರ್" ಅಂದರೆ ಪಕ್ಕದ ಅಂಗಡಿ ನೋಡಿಕೊಳ್ಳಿ.