ಏರ್‌ಕೂಲ್ಡ್ ಮೈನರ್‌ಗೆ ನೀರಿನ ಪ್ಲೇಟ್ ಹಾಕಿಸುವ ಮುನ್ನ ಇದನ್ನು ಓದಿ

ಪುಣೆಯ ಭೋಸರಿ, ತಳವಡೆ, ಚಾಕಣ ಕಡೆ ಸಣ್ಣ ಗಾಳಾ (ವರ್ಕ್‌ಶಾಪ್ ಶೆಡ್ಡು) ಇಟ್ಟುಕೊಂಡು, ಛಾವಣಿಯ ಸೋಲಾರ್ ವಿದ್ಯುತ್ತು ವ್ಯರ್ಥವಾಗಬಾರದೆಂದು ಹಳೆಯ ಬಿಟ್‌ಕಾಯಿನ್ ಮೈನಿಂಗ್ ಯಂತ್ರ (ಸದಾ ಲೆಕ್ಕ ಹಾಕಿ ಬಿಟ್‌ಕಾಯಿನ್ ಗಳಿಸುವ ಕಂಪ್ಯೂಟರು) ಓಡಿಸುತ್ತಿರುವ ನಮ್ಮ ಕಡೆಯವರು ಕೆಲವರು ನನಗೆ ಗೊತ್ತು. ಇದು ಅವರಿಗಾಗಿ. ಆಂಟ್‌ಮೈನರ್ ಎಂಬ ಹೆಸರಿನ ಈ ಯಂತ್ರಗಳ ಫ್ಯಾನ್ ಕಿತ್ತು, ಚಿಪ್‌ಗಳ ಮೇಲೆ ನೀರು ಹರಿಯುವ ಪ್ಲೇಟ್ ಕೂರಿಸಿ, ‘ಹೈಡ್ರೋ (ನೀರಿನಿಂದ ತಂಪಾಗುವ ಯಂತ್ರ) ಮಾಡಿಕೊಡುತ್ತೇವೆ’ ಎಂದು ಹೇಳಿಕೊಂಡು ಬರುವವರಿದ್ದಾರೆ. ನಮ್ಮ ನಾಲ್ಕು ಎಸ್‌19 ಮಾದರಿಯ ಆಂಟ್‌ಮೈನರ್ ಯಂತ್ರಗಳನ್ನು ಅಂಥವರೊಬ್ಬರಿಗೆ ಕೊಟ್ಟೆವು. ಈಗ ಓಡುತ್ತಿರುವುದು ಒಂದು, ಅದೂ ಚಿಪ್‌ಗಳಿರುವ ಮೂರು ಬೋರ್ಡುಗಳಲ್ಲಿ ಎರಡರ ಮೇಲೆ. ವಕೀಲರ ನೋಟಿಸ್ ಹೋಗಿರುವುದರಿಂದ ಹೆಸರು ಬರೆಯುವುದಿಲ್ಲ. ಹೆಸರು ಗೊತ್ತಾದರೂ ನಿಮಗೆ ದೊಡ್ಡ ಉಪಯೋಗವಿಲ್ಲ. ಇದೇ ಕೆಲಸ ಬೇರೆ ನಾಮಫಲಕ ಹೊತ್ತು ನಿಮ್ಮ ಬಾಗಿಲಿಗೆ ಬರಬಹುದು. ಕೆಲಸದ ರೀತಿಯನ್ನು ಗುರುತಿಟ್ಟುಕೊಳ್ಳಿ.

ನೀರಿನ ಆಸೆ ಹುಟ್ಟುವುದಕ್ಕೆ ಕಾರಣವಿದೆ. ಎಸ್‌19 ಒಂದಕ್ಕೆ 95 ಟೆರಾಹ್ಯಾಶ್ (ಲೆಕ್ಕ ಹಾಕುವ ವೇಗ), 3250 ವ್ಯಾಟ್. ನಾಲ್ಕು ಸೇರಿದರೆ 13 ಕಿಲೋವ್ಯಾಟ್, ಅಷ್ಟೂ ಕೊನೆಗೆ ಬಿಸಿಯಾಗಿಯೇ ಹೊರಬೀಳುತ್ತದೆ. ಒಂದೊಂದರ ಸದ್ದು 75 ಡೆಸಿಬಲ್ ಆಸುಪಾಸು. ಪಕ್ಕದ ಗಾಳಾದವರು ಲೇತ್ ಓಡಿಸುವವರು, ಸದ್ದಿಗೆ ಹೆದರುವವರಲ್ಲ. ಅವರೇ ಬಂದು ಬೇಡಿಕೊಂಡರು. ತಗಡಿನ ಶೆಡ್ಡು, ಪುಣೆಯ ಏಪ್ರಿಲ್, 40 ಡಿಗ್ರಿಯ ಮಧ್ಯಾಹ್ನ. ಫ್ಯಾನ್ ಎಷ್ಟು ತಿರುಗಿದರೂ ಒಳಗೆ ಎಳೆದುಕೊಳ್ಳುವುದು ಅದೇ ಕಾದ ಗಾಳಿಯನ್ನು. ಮೇಲಾಗಿ 2024ರ ಏಪ್ರಿಲ್‌ನ ಹಾವಿಂಗ್ ಎದುರಿಗಿತ್ತು. ಪ್ರತಿ ಬ್ಲಾಕ್‌ಗೆ (ವಹಿವಾಟುಗಳ ಒಂದು ಕಟ್ಟು) ಮೈನಿಂಗ್ ಮಾಡಿದವರಿಗೆ ಸಿಗುವ ಬಹುಮಾನ 6.25ರಿಂದ 3.125 ಬಿಟ್‌ಕಾಯಿನ್‌ಗೆ ಇಳಿಯಲಿತ್ತು. ‘ನೀರು ಹಾಕಿದರೆ ಕ್ಲಾಕ್ (ಚಿಪ್‌ಗಳ ಓಟದ ವೇಗ) ಏರಿಸಬಹುದು, ಅರ್ಧವಾದ ಆದಾಯವನ್ನು ಹಾಗೆ ತುಂಬಿಕೊಳ್ಳಬಹುದು’ ಎಂಬುದು ಹೈಡ್ರೋ ಮಾಡಲು ಬಂದವರ ಮಾತು. ಕ್ಲಾಕ್ ಏರಿಸಬಹುದು ಎಂಬಷ್ಟು ಸುಳ್ಳಲ್ಲ. ಕ್ಲಾಕ್ ಏರಿದಂತೆ ಪವರ್ ಸಪ್ಲೈ ಕೂಡ ಏದುಸಿರು ಬಿಡುತ್ತದೆ, ಅದಕ್ಕೆ ನೀರಿನ ತಂಪು ತಲುಪುವುದೇ ಇಲ್ಲ ಎಂಬುದನ್ನು ಅವರು ಹೇಳಲಿಲ್ಲ.

ಗಾಳಾ ನಮ್ಮ ಕಾಕಾ ಅವರದು, ಅಥಣಿ ಕಡೆಯವರು. ಕೊಟೇಶನ್ ಓದಿ ಅವರು ಕೇಳಿದ್ದು ಒಂದೇ: “ಪ್ಲೇಟು, ಪೈಪು, ಪಂಪು ಎಲ್ಲ ಬರೆದಿದ್ದಾರಲ್ಲಪ್ಪಾ, ಈ ಬಿಸಿ ಕೊನೆಗೆ ಹೋಗುವುದೆಲ್ಲಿಗೆ?” ನಾನು ಅದನ್ನೇ ಕೇಳಿದೆ. ‘ಟವರ್ ನೋಡಿಕೊಳ್ಳುತ್ತದೆ’ ಎಂದರು.

ಟವರ್ ಏನು ನೋಡಿಕೊಳ್ಳುತ್ತದೆ ಎಂಬ ಲೆಕ್ಕವನ್ನು ನೀವೇ ಹಾಕಬಹುದು. ತೆರೆದ ಕೂಲಿಂಗ್ ಟವರ್ ತಂಪು ಮಾಡುವುದು ಮುಖ್ಯವಾಗಿ ನೀರನ್ನು ಆವಿ ಮಾಡಿ. ಒಂದು ಕಿಲೋ ನೀರು ಆವಿಯಾಗಲು ಸುಮಾರು 2400 ಕಿಲೋಜೂಲ್ ಬೇಕು. 13 ಕಿಲೋವ್ಯಾಟ್ ಶಾಖ ಹೀಗೆ ಹೋಗಬೇಕಾದರೆ ಗಂಟೆಗೆ ಹತ್ತಿರ ಹತ್ತಿರ 19 ಲೀಟರ್ ನೀರು ಗಾಳಿಗೆ ಸೇರುತ್ತದೆ. ದಿನವಿಡೀ ಓಡಿಸಿದರೆ 450 ಲೀಟರ್‌ಗೂ ಮೇಲೆ. ಟ್ಯಾಂಕರ್ ನೀರು ಕೊಂಡು ದಿನ ದೂಡುವ ಜಾಗದಲ್ಲಿ ಈ ಒಂದು ಅಂಕಿಯೇ ಕಣ್ಣು ತೆರೆಸಬೇಕು. ಅದಕ್ಕಿಂತ ಕೆಟ್ಟದ್ದು, ಆವಿಯಾಗುವುದು ನೀರು ಮಾತ್ರ; ಅದರಲ್ಲಿದ್ದ ಸುಣ್ಣ, ಉಪ್ಪು, ಭೋಸರಿಯ ಧೂಳು ಎಲ್ಲ ತೊಟ್ಟಿಯಲ್ಲೇ ಉಳಿದು ದಿನದಿನಕ್ಕೆ ದಪ್ಪವಾಗುತ್ತವೆ. ಟವರ್ ಇರುವ ಕಾರ್ಖಾನೆಯಲ್ಲಿ ಕೆಲಸ ಮಾಡಿದವರಿಗೆ ಇದು ಹೊಸ ವಿಷಯವಲ್ಲ. ಆದ್ದರಿಂದಲೇ ನಾಜೂಕಿನ ಯಂತ್ರವಿದ್ದಲ್ಲಿ ನಡುವೆ ಹೀಟ್ ಎಕ್ಸ್‌ಚೇಂಜರ್ ಹಾಕುತ್ತಾರೆ: ಆ ಕಡೆ ಟವರಿನ ಕೊಳೆ ನೀರು, ಈ ಕಡೆ ಮುಚ್ಚಿದ ಸುತ್ತಿನಲ್ಲಿ ಶುದ್ಧ ನೀರು, ಎರಡೂ ಬೆರೆಯುವುದಿಲ್ಲ. ನಮ್ಮಲ್ಲಿ ಎಕ್ಸ್‌ಚೇಂಜರ್ ಹಾಕದೆ ಖರ್ಚು ಉಳಿಸಿದರು. ಬೋರ್‌ವೆಲ್ ನೀರು ಟವರಿಗೆ, ಟವರಿನಿಂದ ನೇರ ಪ್ಲೇಟಿಗೆ. ಪ್ಲೇಟಿನ ಒಳಗಿನ ಕಾಲುವೆಗಳು ಒಂದೆರಡು ಮಿಲಿಮೀಟರ್ ಅಗಲದವು.

ಜನವರಿಯಲ್ಲಿ ಚಾಲೂ ಮಾಡಿ ತೋರಿಸಿದರು. ಜನವರಿಯ ಪುಣೆಯಲ್ಲಿ ಯಾವ ಕೂಲಿಂಗ್ ಆದರೂ ಚೆನ್ನಾಗಿಯೇ ಕಾಣುತ್ತದೆ. ಸದ್ದು ಹೋಗಿತ್ತು, ಶೆಡ್ಡು ತಣ್ಣಗಿತ್ತು, ಪರದೆಯ ಮೇಲಿನ ಅಂಕಿಗಳೆಲ್ಲ ಹಸಿರು. ಉಳಿದ ಹಣ ಅಂದೇ ತೆಗೆದುಕೊಂಡು ಹೋದರು. ಯಾರಾದರೂ ಚಳಿಗಾಲದ ಪರೀಕ್ಷೆ ತೋರಿಸಿ ಪೂರ್ತಿ ಹಣ ಕೇಳಿದರೆ, ಅರ್ಧವನ್ನು ಮೇ ತಿಂಗಳು ಕಳೆದ ಮೇಲೆ ಕೊಡುತ್ತೇನೆ ಎಂದು ಬರೆಸಿಕೊಳ್ಳಿ. ಒಪ್ಪದಿದ್ದರೆ ಅಲ್ಲಿಗೇ ಬಿಡಿ.

ನಾಲ್ಕು ಯಂತ್ರಗಳನ್ನು ಒಂದರ ಹಿಂದೆ ಒಂದು ಜೋಡಿಸಿದ್ದರು, ಮೊದಲಿನದರ ಬಿಸಿನೀರು ಎರಡನೆಯದಕ್ಕೆ, ಅದರದು ಮೂರನೆಯದಕ್ಕೆ. ಪೈಪ್ ಉಳಿಯುತ್ತದೆ, ಪಂಪ್ ಒಂದೇ ಸಾಕು. ನಿಮಿಷಕ್ಕೆ 10 ಲೀಟರ್ ಹರಿದರೆ ಒಂದು ಯಂತ್ರ ನೀರನ್ನು ಹೆಚ್ಚುಕಡಿಮೆ 5 ಡಿಗ್ರಿ ಬಿಸಿ ಮಾಡುತ್ತದೆ. ಅಂದರೆ ಕೊನೆಯ ಯಂತ್ರಕ್ಕೆ ಸಿಗುವ ನೀರು ಮೊದಲನೆಯದಕ್ಕಿಂತ 14 ಡಿಗ್ರಿ ಬಿಸಿ. ಸುಣ್ಣ ಕಟ್ಟಿ ಹರಿವು ಅರ್ಧವಾದರೆ ಅದು 28. ಕಾರ್ಖಾನೆಯಿಂದಲೇ ನೀರಿಗೆಂದು ಬರುವ ಎಸ್‌19 ಹೈಡ್ರೋ ಯಂತ್ರದ ಕೈಪಿಡಿಯಲ್ಲಿ ಒಂದೊಂದು ಯಂತ್ರಕ್ಕೂ ನಿಮಿಷಕ್ಕೆ 8ರಿಂದ 10 ಲೀಟರ್ ಎಂದು ಬರೆದಿದೆ. ಒತ್ತಡದ ಮಿತಿಯೂ ಇದೆ, ನೀರಿನ ಪಿ.ಎಚ್. ಎಷ್ಟಿರಬೇಕೆಂಬುದೂ ಇದೆ. ನಮ್ಮವರು ಕೊಟ್ಟ ಕಾಗದದಲ್ಲಿ ಇದ್ದದ್ದು ಜಿ.ಎಸ್.ಟಿ. ಸಂಖ್ಯೆ ಮಾತ್ರ.

ಮೊದಲು ಸತ್ತದ್ದು ಸಾಲಿನ ಕೊನೆಯದು, ಬೇಸಿಗೆ ಏರುತ್ತಿದ್ದಂತೆ. ಬಿಚ್ಚಿ ನೋಡಿದಾಗ ಕಂಡದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅಸಲಿ ಮೋಸ ಇರುವುದು ಇಲ್ಲಿ. ಎಸ್‌19ರ ಒಂದು ಬೋರ್ಡಿನಲ್ಲಿ 76 ಚಿಪ್‌ಗಳಿವೆ, ಎರಡೆರಡರ 38 ಗುಂಪುಗಳು. ವಿದ್ಯುತ್ತು ಈ ಗುಂಪುಗಳನ್ನು ಒಂದಾದ ಮೇಲೊಂದು ಹಾದುಹೋಗುತ್ತದೆ, ಸಂಕೇತವೂ ಒಂದು ಚಿಪ್‌ನಿಂದ ಮುಂದಿನದಕ್ಕೆ ಸರಪಳಿಯಂತೆ ದಾಟುತ್ತದೆ. ನಡುವೆ ಒಂದು ಸತ್ತರೆ ಬೋರ್ಡೇ ಮಲಗಿತು. ಹೀಗಿರುವಾಗ 76ಕ್ಕೆ 76 ಚಿಪ್‌ಗಳಿಗೂ ಪ್ಲೇಟು ಸರಿಯಾಗಿ ತಾಗಬೇಕು. ಚಿಪ್‌ಗಳ ಮೇಲೆ ಮೊದಲೇ ಬೆಸುಗೆ ಹಾಕಿ ಕೂರಿಸಿದ್ದ ಹೀಟ್ ಸಿಂಕ್‌ಗಳನ್ನು (ಬಿಸಿ ಎಳೆದುಕೊಳ್ಳುವ ಲೋಹದ ತುಂಡುಗಳು) ಅವರು ಬಿಸಿಗಾಳಿ ಬಿಟ್ಟು ಕಿತ್ತಿದ್ದರು. ಕೆಲವು ಚಿಪ್‌ಗಳ ಮೇಲೆ ಹಳೆಯ ಬೆಸುಗೆ ಗುಡ್ಡೆಯಾಗಿ ಉಳಿದಿತ್ತು, ಕೆಲವು ಬರಿದಾಗಿದ್ದವು. ಆ ಏರುತಗ್ಗಿನ ಮೇಲೆ ದಪ್ಪ ಥರ್ಮಲ್ ಪ್ಯಾಡ್ (ಬಿಸಿ ದಾಟಿಸುವ ಮೆತ್ತನೆಯ ಹಾಳೆ) ಹಾಸಿ ಪ್ಲೇಟನ್ನು ಸ್ಕ್ರೂ ಬಿಗಿದಿದ್ದರು. ನಮ್ಮದು ಮೆಷಿನ್ ಶಾಪ್. ನೀರಿನ ಪ್ಲೇಟನ್ನು ಸಮತಟ್ಟು ಪರೀಕ್ಷಿಸುವ ಗ್ರಾನೈಟ್ ಸರ್ಫೇಸ್ ಪ್ಲೇಟಿನ ಮೇಲಿಟ್ಟು ಡಯಲ್ ಗೇಜ್ ಓಡಿಸಿದೆ. ನಡುಭಾಗ 0.4 ಮಿಲಿಮೀಟರ್ ಕುಸಿದಿತ್ತು. ನಮ್ಮ ಹುಡುಗರು ಬ್ರಾಕೆಟ್ ಒಂದನ್ನು ಹೀಗೆ ಮಾಡಿದ್ದರೆ ಗಿರಾಕಿ ಅದನ್ನು ಗೇಟಿನಿಂದಲೇ ವಾಪಸು ಕಳಿಸುತ್ತಿದ್ದ. ನಡುವಿನ ಚಿಪ್‌ಗಳ ಪ್ಯಾಡ್‌ನಲ್ಲಿ ಒತ್ತಿದ ಗುರುತೇ ಇರಲಿಲ್ಲ.

ಇಷ್ಟಾದರೂ ಯಂತ್ರ ಏಕೆ ಮೊದಲೇ ಕೂಗಿಕೊಳ್ಳಲಿಲ್ಲ? ಬೋರ್ಡಿನ ತಾಪ ಅಳೆಯುವ ಸೆನ್ಸರ್‌ಗಳು ಬೆರಳೆಣಿಕೆಯಷ್ಟು, ಪ್ರತಿ ಚಿಪ್‌ಗೆ ಒಂದಿಲ್ಲ. ಸೆನ್ಸರ್ ಇರುವ ಮೂಲೆ ತಂಪಾಗಿದ್ದರೆ ಪರದೆಯ ಮೇಲೆ ಎಲ್ಲವೂ ತಂಪು. ಜೊತೆಗೆ ಇನ್ನೊಂದು ಕೈಚಳಕ. ಆಂಟ್‌ಮೈನರ್‌ನ ಕಂಟ್ರೋಲ್ ಬೋರ್ಡು ಫ್ಯಾನ್‌ಗಳಿಂದ ವೇಗದ ಸಂಕೇತ ಬರದಿದ್ದರೆ ಯಂತ್ರವನ್ನು ಓಡಗೊಡುವುದಿಲ್ಲ. ಫ್ಯಾನ್ ಕಿತ್ತ ಮೇಲೆ ಇದನ್ನು ದಾಟಲು ಎರಡು ದಾರಿ: ಫ್ಯಾನ್ ಇಲ್ಲದೆ ಓಡುವ ವ್ಯವಸ್ಥೆಯಿರುವ ಬೇರೆ ಫರ್ಮ್‌ವೇರ್ (ಯಂತ್ರದೊಳಗಿನ ಸಾಫ್ಟ್‌ವೇರ್) ಹಾಕುವುದು, ಇಲ್ಲವೇ ‘ಫ್ಯಾನ್ ತಿರುಗುತ್ತಿದೆ’ ಎಂದು ಸುಳ್ಳು ಸಂಕೇತ ಕೊಡುವ ಪುಟ್ಟ ಸಾಧನ ಸಿಕ್ಕಿಸುವುದು. ನಮಗೆ ಸಿಕ್ಕಿದ್ದು ಎರಡನೆಯದು. ಎರಡರಲ್ಲಿ ಯಾವುದಾದರೂ ಸರಿ, ಪಂಪ್ ನಿಂತರೆ ವಿದ್ಯುತ್ತನ್ನು ಕಡಿಯುವ ಫ್ಲೋ ಸ್ವಿಚ್ ಜೊತೆಗಿರಬೇಕು. ಇರಲಿಲ್ಲ. ಹಾಗಾಗಿ ಫ್ಯೂಸ್ ಹೋಗಿ ಪಂಪ್ ನಿಂತ ಮಧ್ಯಾಹ್ನವೂ ಯಂತ್ರದ ಲೆಕ್ಕದಲ್ಲಿ ನಾಲ್ಕೂ ಫ್ಯಾನ್ ಸುಖವಾಗಿ ತಿರುಗುತ್ತಿದ್ದವು. ಪ್ಲೇಟಿನಲ್ಲಿ ನಿಂತ ಲೋಟದಷ್ಟು ನೀರು 3250 ವ್ಯಾಟ್ ಎದುರು ಎಷ್ಟು ಹೊತ್ತು ತಡೆದೀತು?

ದೂರು ಕೊಟ್ಟದ್ದಕ್ಕೆ ಅವರು ತಂದ ಪರಿಹಾರ ಚಿಲ್ಲರ್, ಅಂದರೆ ಫ್ರಿಜ್‌ನಂತೆ ನೀರನ್ನು ತಣಿಸುವ ಯಂತ್ರ. 13 ಕಿಲೋವ್ಯಾಟ್ ಶಾಖವನ್ನು ಚಿಲ್ಲರಿನಿಂದ ಎತ್ತಬೇಕಾದರೆ ಅದೇ 4 ಕಿಲೋವ್ಯಾಟ್ ಆಸುಪಾಸು ತಿನ್ನುತ್ತದೆ. ಮೈನಿಂಗ್ ಲೆಕ್ಕ ಅಲ್ಲಿಗೇ ಮುಗಿಯಿತು. ಅದಿರಲಿ, ನೀರನ್ನು 15 ಡಿಗ್ರಿಗೆ ಇಟ್ಟು ಹೋದರು. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಪುಣೆಯ ಗಾಳಿಯ ಇಬ್ಬನಿ ಬಿಂದು 20 ಡಿಗ್ರಿ ದಾಟಿರುತ್ತದೆ. ಅದಕ್ಕಿಂತ ತಣ್ಣಗಿರುವ ಲೋಹದ ಮೇಲೆಲ್ಲ ನೀರು ಒಸರುತ್ತದೆ. ಎಲ್ಲೂ ಸೋರಿಕೆಯಿಲ್ಲದೆ ಎರಡನೆಯ ಯಂತ್ರದ ಬೋರ್ಡುಗಳು ತೊಯ್ದು ಸುಟ್ಟವು. ಸೋಲಾರ್ ಮೇಲೆ ಓಡಿಸುವವರು ಇದನ್ನು ವಿಶೇಷವಾಗಿ ಗಮನಿಸಬೇಕು: ಸಂಜೆ ಯಂತ್ರ ನಿಂತ ಮೇಲೂ ಚಿಲ್ಲರ್ ಓಡುತ್ತಿದ್ದರೆ ಬೋರ್ಡಿಗೆ ತನ್ನದೇ ಬಿಸಿಯೂ ಇರುವುದಿಲ್ಲ, ರಾತ್ರಿಯಿಡೀ ಬೆವರುತ್ತದೆ.

ಮೂರನೆಯದರದು ನಿಜವಾದ ಸೋರಿಕೆ. ಪ್ಲೇಟು ಅಲ್ಯೂಮಿನಿಯಂ, ಮಧ್ಯದ ಜೋಡಣೆಗಳು ಹಿತ್ತಾಳೆ, ಚಿಲ್ಲರಿನ ಒಳಗಿನ ಸುರುಳಿ ತಾಮ್ರ. ಈ ಲೋಹಗಳು ಒಂದೇ ನೀರಿನಲ್ಲಿ ಕೂತರೆ ಅಲ್ಯೂಮಿನಿಯಂ ತನ್ನನ್ನು ತಾನೇ ತಿಂದುಕೊಳ್ಳುತ್ತದೆ. ಉಪ್ಪು ಹೆಚ್ಚಿದ್ದಷ್ಟೂ ಬೇಗ. ಪ್ಲೇಟನ್ನು ಕತ್ತರಿಸಿದಾಗ ಒಳಗೆ ಬಿಳಿಯ ಲೋಳೆಯಂಥ ಕೆಸರು, ಗೋಡೆಯಲ್ಲಿ ಸೂಜಿಮೊನೆಯಷ್ಟು ತೂತು. ನೀರು ಪವರ್ ಸಪ್ಲೈ ಮೇಲೆ ಹನಿದಿತ್ತು. ಅದು 220 ವೋಲ್ಟಿನ ಸರಕು. ಕಾಕಾ ಹಟ ಹಿಡಿದು ಹಾಕಿಸಿದ್ದ ಆರ್‌ಸಿಸಿಬಿ (ವಿದ್ಯುತ್ತು ಸೋರಿದ ಕೂಡಲೇ ಸಂಪರ್ಕ ಕಡಿಯುವ ಸ್ವಿಚ್) ಬಿದ್ದದ್ದರಿಂದ ಯಂತ್ರ ಮಾತ್ರ ಹೋಯಿತು. ನೆಲ ಒರೆಸುತ್ತಿದ್ದ ಇಂಡಿ ತಾಲ್ಲೂಕಿನ ಹುಡುಗನಿಗೆ ಏನೂ ಆಗಲಿಲ್ಲ. ನೀರಿನ ಕೆಲಸ ಮಾಡಿಸುವವರು ಬೇರೆಲ್ಲ ಬಿಟ್ಟರೂ ಇದೊಂದನ್ನು ಬಿಡಬೇಡಿ.

ಬೋರ್ಡುಗಳನ್ನು ಮುಂಬಯಿಯ ಎಲೆಕ್ಟ್ರಾನಿಕ್ಸ್ ಪೇಟೆಯಾದ ಲ್ಯಾಮಿಂಗ್ಟನ್ ರಸ್ತೆಗೆ ಒಯ್ದೆ. ಹೀಟ್ ಸಿಂಕ್ ಕಿತ್ತ, ನೀರು ಕಂಡ ಬೋರ್ಡನ್ನು ಯಾರೂ ಕೈಗೆತ್ತಿಕೊಳ್ಳಲಿಲ್ಲ. ಒಬ್ಬರು ಮಾತ್ರ ಚಿಪ್‌ಗಳನ್ನು ಬಿಡಿಭಾಗವಾಗಿ ಕೊಳ್ಳುತ್ತೇನೆ ಎಂದರು, ಬೆಲೆ ಹೇಳಿದ್ದನ್ನು ಕೇಳಿ ವಾಪಸು ತಂದೆ. ಬದಲಾಯಿಸಿದ ಯಂತ್ರಕ್ಕೆ ತಯಾರಕರ ವಾರಂಟಿಯ ಮಾತೇ ಇಲ್ಲ.

‘ಪರಿವರ್ತನೆಯ ಖರ್ಚನ್ನು ತೆರಿಗೆಯಲ್ಲಿ ಕಳೆಯಬಹುದು’ ಎಂದೂ ಹೇಳಿದ್ದರು. ನಂಬಬೇಡಿ. 2022ರ ಬಜೆಟ್ಟಿನಲ್ಲಿ ಆದಾಯ ತೆರಿಗೆಯ 115ಬಿಬಿಎಚ್ ಕಲಮಾಗಿ ಬಂದ ನಿಯಮದ ಪ್ರಕಾರ ಕ್ರಿಪ್ಟೊ ವರ್ಗಾವಣೆಯ ಆದಾಯಕ್ಕೆ 30 ಶೇಕಡಾ ತೆರಿಗೆ, ಕೊಂಡ ಬೆಲೆಯ ಹೊರತು ಬೇರಾವ ಖರ್ಚೂ ಕಳೆಯುವಂತಿಲ್ಲ. ಮೈನಿಂಗ್ ಯಂತ್ರ ಮತ್ತು ವ್ಯವಸ್ಥೆಯ ವೆಚ್ಚ ಆ ‘ಕೊಂಡ ಬೆಲೆ’ಯಲ್ಲಿ ಸೇರುವುದಿಲ್ಲ ಎಂದು ಸರ್ಕಾರ ಅದೇ ವರ್ಷ ಸಂಸತ್ತಿನಲ್ಲೇ ಸ್ಪಷ್ಟಪಡಿಸಿದೆ. ಇನ್ನು ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ ಎನ್ನುವವರಿಗೆ: 2019ರ ಕಾಯ್ದೆಯಲ್ಲಿ ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಗ್ರಾಹಕರೇ ಅಲ್ಲ. ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಕೊಂಡದ್ದೆಂದು ತೋರಿಸಬಲ್ಲವರಿಗೆ ಮಾತ್ರ ವಿನಾಯಿತಿ. ನಮ್ಮ ವಕೀಲರು ಅದನ್ನು ಓದಿಯೇ ಸಿವಿಲ್ ದಾರಿ ಹಿಡಿದಿದ್ದಾರೆ.

ನಿಮ್ಮ ತೊಂದರೆ ಬರೀ ಸದ್ದು ಮತ್ತು ಶೆಡ್ಡಿನ ಬಿಸಿ ಆಗಿದ್ದರೆ ನೀರಿನ ಗೋಜೇ ಬೇಡ. ಯಂತ್ರದ ಹಿಂಬದಿಯ ಬಿಸಿಗಾಳಿಯನ್ನು ತಗಡಿನ ಡಕ್ಟ್ ಕಟ್ಟಿ ಹೊರಗೆ ಬಿಡಿ, ಮುಂಬದಿಗೆ ಧೂಳಿನ ಫಿಲ್ಟರ್ ಹಾಕಿ, ಮಧ್ಯಾಹ್ನದ ಹೊತ್ತು ಕ್ಲಾಕ್ ಇಳಿಸಿ. ಉಳಿದಿರುವ ಒಂದು ಯಂತ್ರವನ್ನು ನಾವು ಹಾಗೆಯೇ ಓಡಿಸುತ್ತಿದ್ದೇವೆ. ಅದರ ಪ್ಲೇಟು ಕೀಳಿಸಿ ಹೀಟ್ ಸಿಂಕ್ ಮತ್ತೆ ಕೂರಿಸಲು ಹೋಗಿಯೇ ಒಂದು ಬೋರ್ಡು ಕೈಬಿಟ್ಟಿತು. ನೀರೇ ಬೇಕೆನ್ನುವವರು ಹೈಡ್ರೋ ಎಂದೇ ತಯಾರಾದ ಯಂತ್ರವನ್ನು ನೋಡಲಿ. ಅದಕ್ಕೆ ತ್ರೀ ಫೇಸ್ ಬೇಕು, ಎಕ್ಸ್‌ಚೇಂಜರ್ ಬೇಕು, ಅಗ್ಗವಲ್ಲ. ಆದರೆ ಅದರ ಪವರ್ ಸಪ್ಲೈಗೂ ನೀರು ಹೋಗುತ್ತದೆ.

ಈಗಾಗಲೇ ಮುಂಗಡ ಕೊಟ್ಟಿದ್ದರೆ ಕೆಲಸ ಶುರುವಾಗುವ ಮುನ್ನ ಒಂದು ಯಂತ್ರದ ಒಂದೇ ಬೋರ್ಡನ್ನು ಕೊಟ್ಟು ಮಾಡಿಸಿ. ಪ್ಲೇಟನ್ನು ಕೂರಿಸಿ, ಬಿಚ್ಚಿಸಿ, ಪ್ಯಾಡಿನ ಮೇಲೆ 76 ಗುರುತು ಮೂಡಿದೆಯೇ ಎಂದು ನೀವೇ ಎಣಿಸಿ. ಆಮೇಲೆ ಯಂತ್ರ ಓಡುತ್ತಿರುವಾಗ ಅವರ ಎದುರಿಗೇ ಪಂಪಿನ ಸ್ವಿಚ್ ಆರಿಸಲು ಹೇಳಿ. ಅವರು ತಡೆದರೆ ಮುಂಗಡ ಹೋದರೂ ಚಿಂತೆಯಿಲ್ಲ, ಯಂತ್ರಗಳನ್ನು ವಾಪಸು ತನ್ನಿ. ಕತ್ತರಿಸಿದ ಪ್ಲೇಟು ಮತ್ತು ಬೋರ್ಡುಗಳು ನಮ್ಮ ಗಾಳಾದಲ್ಲೇ ಇವೆ. ಕೊಟೇಶನ್ ಕೈಯಲ್ಲಿ ಹಿಡಿದು ನೋಡಲು ಬರುವವರು ಗುರುವಾರ ಬಿಟ್ಟು ಬನ್ನಿ, ಅಂದು ವಾರದ ರಜೆ.