ಪ್ಲಾಸ್ಮಾದಿಂದ ಮೈಕ್ರೊಆರ್‌ಎನ್‌ಎ: ಮಿರ್‌ನೀಸಿ ಸೀರಮ್/ಪ್ಲಾಸ್ಮಾ ಕಿಟ್ ಕೊಳ್ಳಬಹುದೇ?

ಮೈಕ್ರೊಆರ್‌ಎನ್‌ಎ ಎಂದರೆ ಸುಮಾರು 22 ನ್ಯೂಕ್ಲಿಯೊಟೈಡ್ (ಸರಪಳಿಯ ಒಂದೊಂದು ಕೊಂಡಿ) ಉದ್ದದ ಆರ್‌ಎನ್‌ಎ ತುಣುಕು. ಅದರಿಂದ ಯಾವ ಪ್ರೋಟೀನೂ ತಯಾರಾಗುವುದಿಲ್ಲ. ಬೇರೆ ಜೀನುಗಳ ಎಂಆರ್‌ಎನ್‌ಎಗೆ (ಪ್ರೋಟೀನ್ ತಯಾರಿಯ ಸಂದೇಶಕ್ಕೆ) ಅಂಟಿಕೊಂಡು ಅವನ್ನು ಸುಮ್ಮನಾಗಿಸುವುದು ಅದರ ಕೆಲಸ. ಮಾಮೂಲಿ ಆರ್‌ಎನ್‌ಎ ಕಿಟ್‌ನಲ್ಲಿ ಇಷ್ಟು ಚಿಕ್ಕ ತುಣುಕು ಕಾಲಂನಲ್ಲಿ (ಸಿಲಿಕಾ ಪೊರೆಯಿರುವ ಸೋಸುಕೊಳವೆಯಲ್ಲಿ) ನಿಲ್ಲದೆ ಸೋರಿಹೋಗುತ್ತದೆ. ಕಿಯಾಜೆನ್ ಕಂಪನಿಯ ಈ ಕಿಟ್ 18 ನ್ಯೂಕ್ಲಿಯೊಟೈಡ್‌ನಷ್ಟು ಚಿಕ್ಕದನ್ನೂ ಹಿಡಿದಿಡುತ್ತದೆ. ಗುಟ್ಟು ಎಥೆನಾಲ್‌ನಲ್ಲಿದೆ. ಮಾಮೂಲಿ ವಿಧಾನದಲ್ಲಿ ಶೇ 70ರ ಎಥೆನಾಲನ್ನು ಸಮಪ್ರಮಾಣದಲ್ಲಿ ಬೆರೆಸುತ್ತಾರೆ, ಒಟ್ಟು ದ್ರವದಲ್ಲಿ ಅದು ಶೇ 35 ಆಗುತ್ತದೆ. ಇಲ್ಲಿ ಶುದ್ಧ ಎಥೆನಾಲನ್ನೇ 1.5 ಪಟ್ಟು ಹಾಕುವುದರಿಂದ ಶೇ 60ಕ್ಕೆ ಏರಿ, ಚಿಕ್ಕ ತುಣುಕುಗಳೂ ಸಿಲಿಕಾ ಪೊರೆಗೆ ಅಂಟುತ್ತವೆ.

50 ಮಾದರಿಗಳ ಪೆಟ್ಟಿಗೆಯಲ್ಲಿ ಮಿನ್‌ಎಲ್ಯೂಟ್ ಕಾಲಂ, ಕಿಯಾಜಾಲ್ (ಮಾದರಿಯನ್ನು ಒಡೆದು ಕಿಣ್ವಗಳನ್ನು ಸುಮ್ಮನಾಗಿಸುವ ಫೀನಾಲ್ ದ್ರಾವಣ), ತೊಳೆಯಲು ಆರ್‌ಡಬ್ಲ್ಯುಟಿ ಮತ್ತು ಆರ್‌ಪಿಇ ಬಫರ್, ನ್ಯೂಕ್ಲಿಯೇಸ್ (ಆರ್‌ಎನ್‌ಎ ಕತ್ತರಿಸುವ ಕಿಣ್ವ) ಇಲ್ಲದ ನೀರು ಇರುತ್ತವೆ. ಕ್ಲೋರೋಫಾರ್ಮ್, ಎಥೆನಾಲ್ ನಾವೇ ತರಬೇಕು. ಎರಡೂ ಬಫರ್ ಸಾಂದ್ರ ದ್ರವವಾಗಿ ಬರುತ್ತವೆ; ಮೊದಲ ಸಲ ಎಥೆನಾಲ್ ಬೆರೆಸಿದ ಕೂಡಲೇ ಬಾಟಲಿಯ ಮೇಲೆ ಗುರುತು ಹಾಕಿ. ಕಾಲಂಗಳು ಬಂದ ದಿನವೇ ಫ್ರಿಜ್‌ಗೆ ಹೋಗಬೇಕು, 2ರಿಂದ 8 ಡಿಗ್ರಿ. ಉಳಿದವಕ್ಕೆ 15ರಿಂದ 25 ಡಿಗ್ರಿ ಸಾಕು ಎಂದಿದೆ, ಆದರೆ ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಎ.ಸಿ. ಇಲ್ಲದ ಕೋಣೆಯ ಕಪಾಟು ಅದಕ್ಕೆ ಸಲ್ಲದು.

ಕೆಲಸದ ಕ್ರಮ ಸರಳ. 200 ಮೈಕ್ರೊಲೀಟರ್ ಪ್ಲಾಸ್ಮಾಗೆ 1,000 ಮೈಕ್ರೊಲೀಟರ್ ಕಿಯಾಜಾಲ್ ಹಾಕಿ, ಕಲಕಿ, 5 ನಿಮಿಷ ಬಿಡಿ. ಆಮೇಲೆ ಸ್ಪೈಕ್-ಇನ್ (ಎಷ್ಟು ಆರ್‌ಎನ್‌ಎ ಕೈಗೆ ಬಂತೆಂದು ತಿಳಿಯಲು ಗೊತ್ತಾದ ಪ್ರಮಾಣದಲ್ಲಿ ನಾವೇ ಬೆರೆಸುವ ಆರ್‌ಎನ್‌ಎ) 3.5 ಮೈಕ್ರೊಲೀಟರ್. ಈ ಅನುಕ್ರಮ ತಪ್ಪಬಾರದು: ಪ್ಲಾಸ್ಮಾದಲ್ಲಿ ಆರ್‌ಎನ್‌ಎ ಕತ್ತರಿಸುವ ಕಿಣ್ವಗಳು ತುಂಬಿರುತ್ತವೆ, ಕಿಯಾಜಾಲ್‌ಗಿಂತ ಮೊದಲೇ ಸ್ಪೈಕ್-ಇನ್ ಬಿದ್ದರೆ ನಿಮಿಷಗಳಲ್ಲಿ ಚೂರಾಗುತ್ತದೆ. ನಂತರ 200 ಮೈಕ್ರೊಲೀಟರ್ ಕ್ಲೋರೋಫಾರ್ಮ್, 15 ಸೆಕೆಂಡು ಜೋರಾಗಿ ಕುಲುಕಿ, 2–3 ನಿಮಿಷ ಬಿಟ್ಟು, 4 ಡಿಗ್ರಿಯಲ್ಲಿ 12,000 ಜಿ ಬಲದಲ್ಲಿ 15 ನಿಮಿಷ ತಿರುಗಿಸಿ. ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಅಲ್ಲ, ಜಿ (ಗುರುತ್ವದ ಎಷ್ಟು ಪಟ್ಟು ಬಲ). ಹಳೆಯ ಸೆಂಟ್ರಿಫ್ಯೂಜ್ ಆದರೆ ರೋಟರ್ ಅಳತೆ ನೋಡಿ ಲೆಕ್ಕ ಹಾಕಿಕೊಳ್ಳಿ.

ಈಗ ಟ್ಯೂಬ್‌ನಲ್ಲಿ ಮೂರು ಪದರ: ಮೇಲೆ ಬಣ್ಣವಿಲ್ಲದ ನೀರು, ನಡುವೆ ಬಿಳಿ ಪೊರೆ, ಕೆಳಗೆ ಕೆಂಪು ಫೀನಾಲ್. ಹೆಚ್ಚಿನ ಕೆಲಸ ಕೆಡುವುದು ಇಲ್ಲೇ. ಆರ್‌ಎನ್‌ಎ ಇರುವುದು ಮೇಲಿನ ಪದರದಲ್ಲಿ, ಅದು ಸುಮಾರು 600 ಮೈಕ್ರೊಲೀಟರ್ ಸಿಗುತ್ತದೆ. ಕೊನೆಯ ಹನಿಗೆ ಆಸೆಪಟ್ಟು ಬಿಳಿ ಪೊರೆ ಎಳೆದುಕೊಂಡರೆ ಪ್ರೋಟೀನ್, ಫೀನಾಲ್ ಎರಡೂ ಕಾಲಂಗೆ ಬಂದು ಮುಂದಿನ ಪಿಸಿಆರ್ (ಪ್ರತಿಗಳನ್ನು ಹೆಚ್ಚಿಸಿ ಅಳೆಯುವ ಪರೀಕ್ಷೆ) ಮಂಕಾಗುತ್ತದೆ. ಎಲ್ಲ ಮಾದರಿಗಳಿಂದಲೂ ಒಂದೇ ಅಳತೆ, 550 ಎಂದುಕೊಳ್ಳಿ, ತೆಗೆಯುವುದು ಜಾಣತನ. ಅದಕ್ಕೆ 1.5 ಪಟ್ಟು ಎಥೆನಾಲ್ ಬೆರೆಸಿ, 700ರಂತೆ ಕಾಲಂಗೆ ಹಾಯಿಸಿ. ತೊಳೆಯಲು ಆರ್‌ಡಬ್ಲ್ಯುಟಿ 700, ಆರ್‌ಪಿಇ 500, ಶೇ 80ರ ಎಥೆನಾಲ್ 500. ಮುಚ್ಚಳ ತೆರೆದಿಟ್ಟು 5 ನಿಮಿಷ ಪೂರ್ಣ ವೇಗದಲ್ಲಿ ಒಣಗಿಸುವುದನ್ನು ಮೊಟಕು ಮಾಡಬೇಡಿ, ಉಳಿದ ಎಥೆನಾಲ್ ಪಿಸಿಆರ್‌ಗೆ ಶತ್ರು. ಕೊನೆಗೆ 14 ಮೈಕ್ರೊಲೀಟರ್ ನೀರು, ಪೊರೆಯ ನಟ್ಟನಡುವೆ. ಕೈಗೆ ಬರುವುದು 12.

ಒಂದು ಎಚ್ಚರಿಕೆ: ಕಿಯಾಜಾಲ್‌ನಲ್ಲಿ ಗ್ವಾನಿಡಿನ್ ಥಯೊಸಯನೇಟ್ ಇದೆ. ಚೆಲ್ಲಿದ ಜಾಗಕ್ಕೆ ಅಥವಾ ತ್ಯಾಜ್ಯದ ಬಾಟಲಿಗೆ ಬ್ಲೀಚ್ ಹಾಕಿದರೆ ವಿಷಾನಿಲ ಏಳುತ್ತದೆ.

ಸ್ಪೈಕ್-ಇನ್ ಬೇರೆ ಕೊಳ್ಳಬೇಕಾದದ್ದು ಈ ಕಿಟ್‌ನ ದೊಡ್ಡ ಕೊರತೆ ಎನ್ನಲೇಬೇಕು. ಏಕೆಂದರೆ ಅದಿಲ್ಲದೆ ಫಲಿತಾಂಶಕ್ಕೆ ಆಧಾರವೇ ಇಲ್ಲ. 200 ಮೈಕ್ರೊಲೀಟರ್ ಪ್ಲಾಸ್ಮಾದ ಆರ್‌ಎನ್‌ಎಯನ್ನು ನ್ಯಾನೊಡ್ರಾಪ್ (ಬೆಳಕು ಹೀರಿಕೆಯಿಂದ ಅಳೆಯುವ ಯಂತ್ರ) ನಂಬುವಂತೆ ಅಳೆಯಲಾರದು. 260 ನ್ಯಾನೊಮೀಟರ್ ಬೆಳಕಿನಲ್ಲಿ ಕಾಣುವ ಸಂಖ್ಯೆಯಲ್ಲಿ ಉಳಿದ ಫೀನಾಲ್ ಪಾಲೂ ಇರಬಹುದು. ಸ್ಪೈಕ್-ಇನ್ ಎಂದರೆ ಸಿ. ಎಲಿಗನ್ಸ್ ಹುಳುವಿನ ಮಿರ್-39 ಎಂಬ ಮೈಕ್ರೊಆರ್‌ಎನ್‌ಎಯ ನಕಲು. ಮನುಷ್ಯನ ರಕ್ತದಲ್ಲಿ ಅದು ಇಲ್ಲ. (1993ರಲ್ಲಿ ಮೊದಲ ಮೈಕ್ರೊಆರ್‌ಎನ್‌ಎ ಲಿನ್-4 ಸಿಕ್ಕಿದ್ದೂ ಇದೇ ಹುಳುವಿನಲ್ಲಿ. ವಿಕ್ಟರ್ ಆ್ಯಂಬ್ರೋಸ್, ಗ್ಯಾರಿ ರವ್‌ಕುನ್ ಇಬ್ಬರಿಗೆ 2024ರ ನೊಬೆಲ್ ಸಂದದ್ದು ಈ ಸಾಲಿನ ಕೆಲಸಕ್ಕೆ.) ಒಣಪುಡಿಯಾಗಿ ಬರುವ 10 ಪಿಕೊಮೋಲ್ ಅನ್ನು 300 ಮೈಕ್ರೊಲೀಟರ್ ನೀರಿನಲ್ಲಿ ಕರಗಿಸಿ. ಅದರ 4 ಅನ್ನು 16 ನೀರಿಗೆ, ಆ ಮಿಶ್ರಣದ 2 ಅನ್ನು 48 ನೀರಿಗೆ ಹಾಕಿದರೆ ಮೈಕ್ರೊಲೀಟರಿಗೆ 16 ಕೋಟಿ ಪ್ರತಿಗಳ ದ್ರಾವಣ ಸಿದ್ಧ. ಒಂದು ಮಾದರಿಯಲ್ಲಿ ಸ್ಪೈಕ್-ಇನ್‌ನ ಸಿಟಿ ಮೌಲ್ಯ (ಪಿಸಿಆರ್‌ನ ಎಷ್ಟನೇ ಸುತ್ತಿನಲ್ಲಿ ಕಂಡಿತು ಎಂಬ ಸಂಖ್ಯೆ; ಹೆಚ್ಚಿದಷ್ಟೂ ಆರ್‌ಎನ್‌ಎ ಕಡಿಮೆ) ಉಳಿದವಕ್ಕಿಂತ 2–3 ಹೆಚ್ಚಿದ್ದರೆ ಆ ಟ್ಯೂಬ್‌ನಲ್ಲಿ ಆರ್‌ಎನ್‌ಎ ಕಳೆದುಹೋಗಿದೆ, ಇಲ್ಲವೇ ಪಿಸಿಆರ್‌ಗೆ ತಡೆ ಇದೆ.

ಆದರೆ ರಕ್ತ ತೆಗೆದಾಗಲೇ ಆದ ತಪ್ಪನ್ನು ಸ್ಪೈಕ್-ಇನ್ ತೋರಿಸದು. ಹೆಪಾರಿನ್ ಟ್ಯೂಬ್ ಬೇಡ, ಅದು ಪಿಸಿಆರ್ ತಡೆಯುತ್ತದೆ. ಇಡಿಟಿಎ ಟ್ಯೂಬ್ ಬಳಸಿ. ಕೆಂಪು ರಕ್ತಕಣ ಒಡೆದರೆ ಮಿರ್-451ಎ, ಮಿರ್-16 ಪ್ಲಾಸ್ಮಾಗೆ ಸುರಿದು, ರೋಗದ ಸುಳಿವು ಎಂದುಕೊಂಡದ್ದು ಬರೀ ಒಡೆದ ಕಣಗಳ ಲೆಕ್ಕವಾಗುತ್ತದೆ. ಮಿರ್-23ಎ ಸಿಟಿಯಿಂದ ಮಿರ್-451ಎ ಸಿಟಿ ಕಳೆಯಿರಿ: 5ರೊಳಗಿದ್ದರೆ ನೆಮ್ಮದಿ, 7 ದಾಟಿದರೆ ಆ ಮಾದರಿಯನ್ನು ಕೈಬಿಡುವುದೇ ಮೇಲು.

ಕಾಲಂ ಇಲ್ಲದೆ, ಟ್ರೈಜಾಲ್ (ಕಿಯಾಜಾಲ್‌ನಂಥದೇ ಫೀನಾಲ್ ದ್ರಾವಣ) ಹಾಕಿ ಐಸೊಪ್ರೊಪನಾಲ್‌ನಲ್ಲಿ ಗರಣೆಗಟ್ಟಿಸುವುದು ಅಗ್ಗ, ನಿಜ. ಆದರೆ ಆರ್‌ಎನ್‌ಎ ಕಡಿಮೆ ಇದ್ದಾಗ ಆ ದಾರಿಯಲ್ಲಿ ಜಿಸಿ ಅಂಶ (ಜಿ ಮತ್ತು ಸಿ ಕೊಂಡಿಗಳ ಪಾಲು) ಕಡಿಮೆಯಿರುವ ಮಿರ್-141ರಂಥವು ಆಯ್ದು ಕಳೆದುಹೋಗುತ್ತವೆಂದು ಸೋಲ್‌ನ ನಾರಿ ಕಿಮ್ ಅವರ ತಂಡ 2012ರಲ್ಲಿ ತೋರಿಸಿತು. ಪ್ಲಾಸ್ಮಾದ ಮಟ್ಟಿಗೆ ಕಾಲಂಗೆ ಕೊಡುವ ಹಣ ದಂಡವಲ್ಲ. ಫೀನಾಲ್ ಮುಟ್ಟಲು ಒಲ್ಲದವರಿಗೆ ಇದೇ ಕಂಪನಿಯ ಅಡ್ವಾನ್ಸ್ಡ್ ಕಿಟ್ ಇದೆ; ಅಂಗಾಂಶ, ಜೀವಕೋಶಕ್ಕಾದರೆ ಮಿರ್‌ನೀಸಿ ಮಿನಿ ಸರಿ.

ಕೊಳ್ಳುವ ಮುನ್ನ ಆ 12 ಮೈಕ್ರೊಲೀಟರ್ ಹೇಗೆ ಹಂಚುತ್ತೀರಿ ಎಂದು ಬರೆದಿಟ್ಟುಕೊಳ್ಳಿ. ಪಿಸಿಆರ್‌ಗೆ ಮೊದಲು ಆರ್‌ಎನ್‌ಎಯಿಂದ ಸಿಡಿಎನ್‌ಎ (ಡಿಎನ್‌ಎ ನಕಲು) ಮಾಡಬೇಕು. ಟ್ಯಾಕ್‌ಮ್ಯಾನ್ ಸ್ಟೆಮ್-ಲೂಪ್ ವಿಧಾನದಲ್ಲಿ ಇದಕ್ಕೆ ಒಂದೊಂದು ಮೈಕ್ರೊಆರ್‌ಎನ್‌ಎಗೂ ಬೇರೆ ಬೇರೆ 15 ಮೈಕ್ರೊಲೀಟರ್ ಕ್ರಿಯೆ, ಅದರಲ್ಲಿ 5 ಆರ್‌ಎನ್‌ಎ. ಹಾಗೆ ಮಾಡಿದರೆ ಎರಡೇ ಪರೀಕ್ಷೆ, ಅದರಲ್ಲೊಂದು ಸ್ಪೈಕ್-ಇನ್‌ಗೇ ಹೋಯಿತು. ಕ್ರಿಯೆಯನ್ನು 5 ಮೈಕ್ರೊಲೀಟರಿಗೆ ಇಳಿಸಿ 1.67 ಆರ್‌ಎನ್‌ಎ ಹಾಕಿದರೆ ಏಳು ಆಗುತ್ತವೆ. ಎಲ್ಲ ತುಣುಕುಗಳಿಗೂ ಪಾಲಿ-ಎ ಬಾಲ (ಎ ಕೊಂಡಿಗಳ ಸಾಲು) ಜೋಡಿಸುವ ವಿಧಾನದಲ್ಲಾದರೆ ಒಂದೇ ಸಿಡಿಎನ್‌ಎಯಿಂದ ಹತ್ತಾರು ಅಳೆಯಬಹುದು.