ಸಬ್‌ಡಿ ಮಾಡೆಲಿಂಗ್‌ಗೆ ರೈನೋನಾ, ಬ್ಲೆಂಡರಾ?

ರೈನೋ, ಬ್ಲೆಂಡರ್ ಎರಡೂ ಕಂಪ್ಯೂಟರ್‌ನಲ್ಲಿ 3ಡಿ ಆಕಾರ ಕಟ್ಟುವ ಸಾಫ್ಟ್‌ವೇರ್. ಸಬ್‌ಡಿ ಅಂದರೆ ಸಬ್‌ಡಿವಿಷನ್, ಕೆಲವೇ ಬಿಂದುಗಳ ಒರಟು ಆಕಾರವನ್ನು ಮತ್ತೆ ಮತ್ತೆ ಸೀಳಿ ನುಣುಪು ಮಾಡುವ ವಿಧಾನ. ಮೊದಲೇ ಹೇಳಿಬಿಡುತ್ತೇನೆ, ನಾನು ರೈನೋ ಕಡೆಯವನು. 90 ದಿನದ ಟ್ರಯಲ್ ಮುಗಿಯುವ ಮೊದಲೇ ಲೈಸೆನ್ಸ್ ತಗೊಂಡೆ. ಅದಕ್ಕೂ ಮುಂಚೆ ಬಾಗಿದ ಚಾವಣಿಗಳನ್ನೆಲ್ಲ ಬ್ಲೆಂಡರ್‌ನಲ್ಲೇ ಮಾಡುತ್ತಿದ್ದೆ. ದುಡ್ಡು ಖರ್ಚಾಗಿರಲಿಲ್ಲ, ತಲೆ ಮಾತ್ರ ಕೆಟ್ಟಿತ್ತು.

ಕೆಡಿಸಿದ್ದು ಅಂಚು. 4 ಮೀಟರ್ ತ್ರಿಜ್ಯದ ದುಂಡು ಗೋಡೆ, ಅದರ ಮೇಲೆ ಗುಮ್ಮಟದಂಥ ಚಾವಣಿ ಕೂರಬೇಕಿತ್ತು. ಗೋಡೆಯ ಗೆರೆಯ ಮೇಲೆ ಸರಿಯಾಗಿ 8 ಬಿಂದು ಇಟ್ಟು ಮೆಶ್ (ಬಿಂದು, ಗೆರೆಗಳ ಬಲೆ) ಕಟ್ಟಿದೆ. ಅದರ ಮೇಲೆ ಸಬ್‌ಡಿವಿಷನ್ ಮಾಡಿಫೈಯರ್ (ಮೂಲ ಮೆಶ್ ಕೆಡಿಸದೆ ಮೇಲೆ ಹಾಕುವ ಬದಲಾವಣೆ) ಹಾಕಿದ್ದೇ ತಡ, ಚಾವಣಿ ಒಳಗೆ ಸರಿದು ಕೂತಿತು. ಅಳೆದರೆ ಅಂಚು 3.61 ಮೀಟರ್‌ನಲ್ಲಿದೆ! 39 ಸೆಂಟಿಮೀಟರ್ ಸಂದಿ. ಮಳೆ ಬಂದರೆ ನೀರು ಸೀದಾ ಒಳಗೆ.

ಇದರಲ್ಲಿ ಬ್ಲೆಂಡರ್ ತಪ್ಪೇನಿಲ್ಲ. 1978ರ ಕ್ಯಾಟ್ಮಲ್-ಕ್ಲಾರ್ಕ್ ವಿಧಾನವೇ ಹಾಗೆ. ಅಂಚಿನ ಬಿಂದು ಇಟ್ಟ ಜಾಗದಲ್ಲಿ ನಿಲ್ಲುವುದಿಲ್ಲ. ತನ್ನದು 4 ಪಾಲು, ಎರಡೂ ಪಕ್ಕದವರದು ಒಂದೊಂದು ಪಾಲು, ಈ ಆರರ ಸರಾಸರಿಗೆ ಜಾರುತ್ತದೆ. 16 ಬಿಂದು ಇಟ್ಟೆ, ಸಂದಿ 10 ಸೆಂಟಿಮೀಟರ್‌ಗೆ ಇಳಿಯಿತು. 32 ಇಟ್ಟಾಗ 2.6. ಆದರೆ ಅಷ್ಟು ಬಿಂದು ಆದಮೇಲೆ ಒಂದು ಕಡೆ ಸ್ವಲ್ಪ ಎತ್ತೋಣ ಅಂತ ಒಂದನ್ನು ಎಳೆದರೆ ಬೊಬ್ಬೆ ಎದ್ದ ಹಾಗಾಗುತ್ತದೆ. ಕಡಿಮೆ ಬಿಂದುವಿನಲ್ಲಿ ನುಣುಪು ಸಿಗಲಿ ಅಂತ ತಾನೇ ಸಬ್‌ಡಿ ಬಳಸುವುದು? ಕೊನೆಗೆ 8 ಬಿಂದುವಿನ ಉಂಗುರವನ್ನೇ 1.108 ಪಟ್ಟು ದೊಡ್ಡದು ಮಾಡಿ ಬಚಾವಾದೆ. ಮುಂದಿನ ಕೆಲಸದ ಗೋಡೆ ಗೋಡಂಬಿ ಆಕಾರದ್ದು. ಅದಕ್ಕೆ ಎಷ್ಟು ಪಟ್ಟು ಅಂತ ಹುಡುಕೋದು?

ರೈನೋದಲ್ಲಿ 7ನೇ ಆವೃತ್ತಿಯಿಂದ ಸಬ್‌ಡಿ ಇದೆ. ಲೆಕ್ಕ ಅಲ್ಲೂ ಅದೇ. ಆದರೆ ಗೆರೆ ಎಳೆಯುವಾಗಲೇ ‘ಸಬ್‌ಡಿ ಫ್ರೆಂಡ್ಲಿ’ ಆಯ್ಕೆ ಕೊಟ್ಟು, ಆ ಗೆರೆಗಳಿಂದ ಸಬ್‌ಡಿ ಲಾಫ್ಟ್ ಮಾಡಿದರೆ (ಗೆರೆಯಿಂದ ಗೆರೆಗೆ ಮೈ ಹೊದಿಸಿದರೆ) ಅಂಚು ಗೆರೆಯ ಮೇಲೇ ಕೂರುತ್ತದೆ. ಒಳಗಿನ ಬಿಂದುಗಳನ್ನು ಎಷ್ಟು ಎಳೆದಾಡಿದರೂ ಅದು ಅಲ್ಲಾಡುವುದಿಲ್ಲ. ಗೋಡಂಬಿ ಗೋಡೆ ಅರ್ಧ ದಿನದಲ್ಲಿ ಮುಗಿಯಿತು.

ಇನ್ನೊಂದು, ರೈನೋದಲ್ಲಿ ಟು-ನರ್ಬ್ಸ್ ಕಮಾಂಡ್ ಕೊಟ್ಟರೆ ಸಬ್‌ಡಿ ನರ್ಬ್ಸ್ (ಗಣಿತದ ಸೂತ್ರದಿಂದ ಬಾಗುವ ನುಣುಪು ಮೈ) ಆಗುತ್ತದೆ, ಅದನ್ನು ಬೇರೆ ವಿನ್ಯಾಸ ಸಾಫ್ಟ್‌ವೇರ್‌ಗಳೂ ಓದುವ ಸ್ಟೆಪ್ ಫೈಲ್ ಆಗಿ ಕಳಿಸಬಹುದು. ಮೊದಲೆಲ್ಲ ತ್ರಿಕೋನಗಳ ಮೆಶ್ ಕಳಿಸಿದಾಗ ಚಾವಣಿಯ ಭಾಗಗಳನ್ನು ತಯಾರಿಸುವ ಫ್ಯಾಬ್ರಿಕೇಟರ್ ಫೋನ್ ಗ್ಯಾರಂಟಿ ಬರುತ್ತಿತ್ತು.

ಐದು ಗೆರೆ ಸೇರುವ ಬಿಂದುವನ್ನು ಎದ್ದು ಕಾಣುವ ಜಾಗದಲ್ಲಿ ಇಡಬೇಡಿ, ಎರಡರಲ್ಲೂ. ಹೊಳಪಿನ ಶೀಟ್ ಹಾಕಿದರೆ ಪ್ರತಿಬಿಂಬ ಅಲ್ಲಿ ಸೊಟ್ಟಗಾಗುತ್ತದೆ.

ಆಕಾರ ಹುಡುಕುವ ಮೊದಲ ದಿನ ನಾನು ಈಗಲೂ ಬ್ಲೆಂಡರ್ ತೆರೆಯುತ್ತೇನೆ. ಮಿರರ್ (ಕನ್ನಡಿಯಂಥ ಪ್ರತಿ), ಅರೇ (ಸಾಲಾಗಿ ಪ್ರತಿಗಳು) ಎಲ್ಲ ಮಾಡಿಫೈಯರ್ ಆಗಿ ಒಂದರ ಮೇಲೊಂದು ಕೂರುತ್ತವೆ, ಬೇಡವಾದರೆ ತೆಗೆದರಾಯಿತು. ಬರೀ ರೆಂಡರ್ (ಮಾದರಿಯ ಚಿತ್ರ) ಮಾಡುವವರಿಗೆ ಅದೇ ಸಾಕು, ಸುಮ್ನೆ ದುಡ್ಡು ಯಾಕೆ? ನನ್ನ ಕೆಲಸ ಕಟ್ಟುವವರ ಕೈಗೆ ಹೋಗುತ್ತದೆ. ವರ್ಷವರ್ಷ ಬಾಡಿಗೆ ಕಟ್ಟುವ ಸಾಫ್ಟ್‌ವೇರ್ ನನಗೆ ಆಗುವುದಿಲ್ಲ. ರೈನೋ ಲೈಸೆನ್ಸ್‌ಗೆ ಒಂದು ಸಲ ಕೊಟ್ಟರೆ ಆ ಆವೃತ್ತಿ ನಮ್ಮದೇ. ಲಿನಕ್ಸ್ ಬಳಸುವವರಿಗಂತೂ ಈ ಯೋಚನೆಯೇ ಇಲ್ಲ, ರೈನೋ ಇರುವುದು ವಿಂಡೋಸ್‌ಗೆ, ಮ್ಯಾಕ್‌ಗೆ ಮಾತ್ರ.